ಬ್ಲೋವರ್ ಕೈಕೊಟ್ಟಿದೆಯಾ? ಮೊದಲು ಅದು ಯಾವುದು ಅಂತ ಗುರುತು ಹಿಡಿಯಿರಿ

ದರಕು, ಅಂದರೆ ಉದುರಿದ ಒಣ ಎಲೆ, ಒಟ್ಟು ಮಾಡುವ ಕಾಲ. ಹಾಗಾಗಿ ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಎಲೆ ಊದುವ ಪೆಟ್ರೋಲ್ ಬ್ಲೋವರ್ ಬಗ್ಗೆಯೇ ಇವೆ. ಸೊಪ್ಪಿನ ಬೆಟ್ಟದಲ್ಲಿ ಎಲೆ ರಾಶಿ ಹಾಕುವುದಕ್ಕೆ, ಅಡಿಕೆ ಅಂಗಳ ಚೊಕ್ಕ ಮಾಡುವುದಕ್ಕೆ, ಕಾಫಿ ತೋಟದ ಅಂಚಿನಲ್ಲಿ ಬೆಂಕಿ ಹಾಯದಂತೆ ದಾರಿ ಬಿಡಿಸುವುದಕ್ಕೆ ಈ ಮಷಿನ್ ಈಗ ಚೆನ್ನಾಗಿ ರೂಢಿಯಾಗಿದೆ. ಆದರೆ ಇದು ವರ್ಷದಲ್ಲಿ ಕೆಲವೇ ತಿಂಗಳು ಓಡುತ್ತದೆ, ಉಳಿದ ದಿನವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ. ಹೆಚ್ಚಿನ ತೊಂದರೆ ಶುರುವಾಗುವುದೇ ಆ ಮೂಲೆಯಲ್ಲಿ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಯಾವುದನ್ನೇ ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕಿಡಿ. ಬಿಸಿ ಇಂಜಿನ್‌ಗೆ ಪೆಟ್ರೋಲ್ ತುಂಬಬೇಡಿ. ಮುಚ್ಚಿದ ಕೋಣೆಯೊಳಗೆ ಸ್ಟಾರ್ಟ್ ಮಾಡಿ ನೋಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ.

ಪ್ರಶ್ನೆ: ನಮ್ಮ ಭಾವ ಬೆಂಗಳೂರಿಗೆ ಮನೆ ಬದಲಾಯಿಸುವಾಗ ಅವರ ಹಳೇ ಬ್ಲೋವರ್ ನಮಗೆ ಕೊಟ್ಟು ಹೋದರು. ಸ್ಟಿಕ್ಕರ್ ಎಲ್ಲ ಉದುರಿ ಹೋಗಿದೆ. ಯಾವ ಕಂಪನಿ ಗೊತ್ತಿಲ್ಲ. ಪೆಟ್ರೋಲ್‌ಗೆ ಆಯಿಲ್ ಬೆರೆಸಬೇಕಾ ಬೇಡವಾ ಅನ್ನುವುದೂ ಗೊತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ ಮಾಡೆಲ್ ನಂಬರ್ ತನ್ನಿ ಅಂತಾರೆ. ಏನು ಮಾಡುವುದು ಸರ್? (ಶಿರಸಿಯ ಓದುಗರು)

ಉತ್ತರ: ನೀವು ಸ್ಟಾರ್ಟ್ ಮಾಡಿ ನೋಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆಯಿಲ್ ಬೆರೆಸಬೇಕಾದ ಇಂಜಿನ್‌ಗೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಅದೇ ದಿನ ಸೀಜ್ ಆಗಬಹುದು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲಬಹುದು.

ಮೊದಲು ಮುಚ್ಚಳ ಎಣಿಸಿ. ಒಂದೇ ಮುಚ್ಚಳ ಇದ್ದು, ಅದರ ಮೇಲೆ ಪೆಟ್ರೋಲ್ ಬಂಕಿನ ಚಿತ್ರದ ಜೊತೆ ಆಯಿಲ್ ಹನಿಯ ಚಿತ್ರವೂ ಇದ್ದರೆ ಅದು ಆಯಿಲ್ ಬೆರೆಸಿ ಹಾಕುವ ಮಷಿನ್, ಅಂದರೆ ಬಹುಪಾಲು ಟೂ ಸ್ಟ್ರೋಕ್. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಟ್ಟು ಇಂಜಿನ್ನಿನ ಕೆಳಭಾಗದಲ್ಲಿ ಇನ್ನೊಂದು ಸಣ್ಣ ಮುಚ್ಚಳ ಇದ್ದು, ಅದನ್ನು ತಿರುಗಿಸಿ ತೆಗೆದರೆ ಆಯಿಲ್ ಅಳೆಯುವ ಕಡ್ಡಿ ಬಂದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಬರೀ ಪೆಟ್ರೋಲ್ ಸಾಕು, ಆಯಿಲ್ ಬೇರೆಯಾಗಿಯೇ ಹಾಕಬೇಕು.

ಇಲ್ಲೊಂದು ತಪ್ಪು ತಿಳಿಯುವ ಜಾಗ ಇದೆ. ಸ್ಟೀಲ್ (Stihl) ಅನ್ನುವ ಕಂಪನಿಯ ಬೆನ್ನಿಗೆ ಹಾಕುವ ಕೆಲವು ಬ್ಲೋವರ್‌ಗಳಲ್ಲಿ 4-ಮಿಕ್ಸ್ ಅನ್ನುವ ಇಂಜಿನ್ ಇರುತ್ತದೆ. ಅದರಲ್ಲಿ ವಾಲ್ವ್ ಇವೆ, ಶಬ್ದವೂ ಫೋರ್ ಸ್ಟ್ರೋಕಿನದ್ದೇ. ಆದರೆ ಆಯಿಲ್ ತುಂಬುವ ಜಾಗವೇ ಇಲ್ಲ, ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ಲೇ ಒಳಗೆಲ್ಲ ಜಾರಿಕೆ ಕೊಡುತ್ತದೆ. ಶಬ್ದ ಕೇಳಿ ಫೋರ್ ಸ್ಟ್ರೋಕ್ ಅಂದುಕೊಂಡು ಬರೀ ಪೆಟ್ರೋಲ್ ಹಾಕಿದರೆ ಮುಗಿಯಿತು. ಹಾಗಾಗಿ ಶಬ್ದದ ಮೇಲೆ ನಿರ್ಧಾರ ಮಾಡಬೇಡಿ, ಮುಚ್ಚಳ ನೋಡಿಯೇ ಮಾಡಿ.

ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಸ್ವಲ್ಪ ಉಳಿದಿದ್ದರೆ ಅದೂ ಸಾಕ್ಷಿ ಹೇಳುತ್ತದೆ. ಬಿಳಿ ಹಾಳೆಯ ಮೇಲೆ ಎರಡು ಹನಿ ಬಿಟ್ಟು ಬಯಲಲ್ಲಿ ಒಣಗಲು ಬಿಡಿ. ಬರೀ ಪೆಟ್ರೋಲ್ ಆದರೆ ಆರಿ ಹೋಗುತ್ತದೆ, ಹೆಚ್ಚೇನೂ ಗುರುತು ಉಳಿಯುವುದಿಲ್ಲ. ಆಯಿಲ್ ಬೆರೆಸಿದ್ದಾದರೆ ಹಾಳೆಯಲ್ಲಿ ಜಿಡ್ಡಿನ ಕಲೆ ನಿಲ್ಲುತ್ತದೆ. ಭಾವ ಏನು ಹಾಕುತ್ತಿದ್ದರು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಹಾಗಂತ ಫೋನ್ ಮಾಡಿ ಕೇಳುವುದನ್ನು ಬಿಡಬೇಡಿ.

ಇನ್ನು ಹೆಸರು. ಸ್ಟಿಕ್ಕರ್ ಹೋದರೂ ಲೋಹದ ಮೇಲಿನ ಅಚ್ಚು ಹೋಗುವುದಿಲ್ಲ. ಸಿಲಿಂಡರಿನ ಕೆಳಗಿನ ಕ್ರ್ಯಾಂಕ್ ಕೇಸನ್ನು, ಹಗ್ಗ ಎಳೆಯುವ ಬದಿಯನ್ನು ಹಳೇ ಟೂತ್ ಬ್ರಷ್‌ನಿಂದ ಉಜ್ಜಿ ಟಾರ್ಚ್ ಹಾಕಿ ನೋಡಿ. ಹೆಸರಿಲ್ಲದ ಮಷಿನ್‌ಗಳಲ್ಲಿ ತುಂಬಾ ಕಡೆ ಚೀನಾ ಮಾದರಿಯ ಇಂಜಿನ್ ಇರುತ್ತದೆ, ಅದರ ಮೇಲೆ 1ಇ34ಎಫ್, 1ಇ40ಎಫ್, 1ಇ44ಎಫ್ ಅನ್ನುವಂಥ ಗುರುತು ಇರುತ್ತದೆ. ಓದುವುದು ಸುಲಭ. 1 ಅಂದರೆ ಒಂದು ಸಿಲಿಂಡರ್. ಇ ಇದ್ದರೆ ಟೂ ಸ್ಟ್ರೋಕ್. ನಡುವಿನ ಅಂಕಿ ಸಿಲಿಂಡರಿನ ಒಳಗಲ, ಮಿಲಿಮೀಟರಿನಲ್ಲಿ. ಎಫ್ ಅಂದರೆ ಗಾಳಿಯಿಂದ ತಂಪಾಗುವ ಇಂಜಿನ್. 34 ಇದ್ದರೆ ಸಾಮಾನ್ಯವಾಗಿ 25.4 ಸಿಸಿ, 40 ಇದ್ದರೆ 42.7 ಸಿಸಿ, 44 ಇದ್ದರೆ 51.7 ಸಿಸಿ. ಇ ಇಲ್ಲದೆ 139ಎಫ್ ಅಂತ ಇದ್ದರೆ ಅದು 39 ಮಿಲಿಮೀಟರಿನ ಫೋರ್ ಸ್ಟ್ರೋಕ್. ಈ ಗುರುತು ಸಿಕ್ಕರೆ ನಿಮ್ಮ ಅರ್ಧ ಚಿಂತೆ ಕಳೆದಂತೆ. ಯಾಕೆಂದರೆ ಇದೇ ಇಂಜಿನ್‌ಗಳು ನಮ್ಮೂರಿನ ಕಳೆ ಹೊಡೆಯುವ ಮಷಿನ್‌ಗಳಲ್ಲೂ ಇವೆ. ಬ್ಲೋವರಿನ ಪಾರ್ಟ್ ಅಂತ ಕೇಳಿದರೆ ಇಲ್ಲ ಅನ್ನುವ ಅಂಗಡಿಯಲ್ಲೇ ಕಳೆ ಮಷಿನ್‌ನ 1ಇ40ಎಫ್ ಪಿಸ್ಟನ್, ರಿಂಗ್, ಕಾಯಿಲ್ ಅಂತ ಕೇಳಿ, ಸಿಗುವ ಸಾಧ್ಯತೆ ಜಾಸ್ತಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬೋಲ್ಟಿನ ತೂತು ಹೊಂದುತ್ತದಾ ಅಂತ ಅಲ್ಲೇ ಇಟ್ಟು ನೋಡಿ.

ದೊಡ್ಡ ಕಂಪನಿಯದ್ದಾದರೆ ಅಕ್ಷರಗಳೇ ದಾರಿ ತೋರಿಸುತ್ತವೆ. ಸ್ಟೀಲ್‌ನಲ್ಲಿ ಬಿಜಿ ಅಂದರೆ ಕೈಯಲ್ಲಿ ಹಿಡಿಯುವ ಬ್ಲೋವರ್, ಬಿಆರ್ ಅಂದರೆ ಬೆನ್ನಿಗೆ ಹಾಕುವುದು, ಎಸ್‌ಎಚ್ ಅಂದರೆ ಎಲೆ ಎಳೆದುಕೊಂಡು ಪುಡಿ ಮಾಡುವುದು. ಎಸ್‌ಆರ್ ಅಂತ ಇದ್ದರೆ ಅದು ಮೂಲದಲ್ಲಿ ಔಷಧಿ ಸಿಂಪಡಿಸುವ ಮಿಸ್ಟ್ ಬ್ಲೋವರ್, ನಮ್ಮ ಕಡೆ ಅದರ ಔಷಧಿ ಟ್ಯಾಂಕ್ ಖಾಲಿ ಇಟ್ಟು ಎಲೆ ಊದಲು ಬಳಸುವವರೂ ಇದ್ದಾರೆ. ಹಸ್ಕ್‌ವರ್ನಾದಲ್ಲಿ ಅಂಕಿಯ ನಂತರ ಬಿ ಇದ್ದರೆ ಕೈಯದ್ದು, ಬಿಟಿ ಇದ್ದರೆ ಬೆನ್ನಿನದ್ದು. ಎಕೋದಲ್ಲಿ ಪಿಬಿ ಅಂತ ಶುರುವಾಗುತ್ತದೆ.

ಏನೂ ಸಿಗಲಿಲ್ಲವಾ? ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ನೋಡಿ. ಅದರ ಮೈಮೇಲೆ ವಾಲ್‌ಬ್ರೋ ಅಥವಾ ಜಾಮಾ ಅನ್ನುವ ಹೆಸರು, ಪಕ್ಕದಲ್ಲಿ ಕೆಲವು ಅಕ್ಷರ, ಅಂಕಿ ಅಚ್ಚೊತ್ತಿರುತ್ತವೆ. ಡಯಾಫ್ರಂ (ಕಾರ್ಬೊರೇಟರ್ ಒಳಗಿನ ತೆಳು ಪೊರೆ) ಕಿಟ್ ಕೊಳ್ಳಲು ಬೇಕಾದದ್ದು ಆ ನಂಬರ್, ಬ್ಲೋವರಿನ ಮಾಡೆಲ್ ಅಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಆಯಿಲ್ ಎಷ್ಟು ಅಂದರೆ, ಕಂಪನಿ ಮಷಿನ್‌ಗಳು ಬಹುಪಾಲು ಒಳ್ಳೇ 2ಟಿ (ಟೂ ಸ್ಟ್ರೋಕ್) ಆಯಿಲ್ ಜೊತೆ 50ಕ್ಕೆ 1 ಕೇಳುತ್ತವೆ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ಚೀನಾ ಮಾದರಿಯವುಗಳಿಗೆ 25ಕ್ಕೆ 1 ಅಂತ ಬರೆದಿರುವುದು ಜಾಸ್ತಿ, ಅದು 40 ಮಿಲಿ. ಹೆಸರೇ ಗೊತ್ತಿಲ್ಲದ ಟೂ ಸ್ಟ್ರೋಕ್‌ಗೆ ನಾನು 40 ಮಿಲಿಯನ್ನೇ ಹೇಳುತ್ತೇನೆ. ಹೊಗೆ ಸ್ವಲ್ಪ ಜಾಸ್ತಿ ಬರಬಹುದು, ಪ್ಲಗ್ ಬೇಗ ಕಪ್ಪಾಗಬಹುದು. ಪ್ಲಗ್ಗನ್ನು ಒರೆಸಿ ಸರಿ ಮಾಡಬಹುದು, ಸೀಜ್ ಆದ ಪಿಸ್ಟನ್ನನ್ನು ಹಾಗೆ ಸರಿ ಮಾಡಲಾಗುವುದಿಲ್ಲ. ಅಳತೆಗೆ ಔಷಧಿ ಅಂಗಡಿಯ ಸಿರಿಂಜ್ ಇಟ್ಟುಕೊಳ್ಳಿ. ಕಣ್ಣಳತೆ ಬೇಡ.

ಪ್ರಶ್ನೆ: ಸ್ಟಾರ್ಟ್ ಆಗುತ್ತದೆ, ನಾಲ್ಕೈದು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಸತ್ತು ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಸ್ಟಾರ್ಟ್. ಹೊಸ ಕಾರ್ಬೊರೇಟರ್ ಹಾಕಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದ್ದಾರೆ. ಹಾಕಿಸಲಾ? (ಪುತ್ತೂರಿನ ಓದುಗರು)

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ರೇ. ಓಡಿ ಓಡಿ ನಿಲ್ಲುವ ಮಷಿನ್‌ನಲ್ಲಿ ನಾನು ಮೊದಲು ನೋಡುವುದು ಪೆಟ್ರೋಲ್ ಟ್ಯಾಂಕಿನ ಗಾಳಿದಾರಿ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದ ಹಾಗೆ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಮೇಲಿನ ಸಣ್ಣ ರಬ್ಬರ್ ತುಂಡಿನಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ವಾಲ್ವ್ ಇರುತ್ತದೆ. ಅಡಿಕೆ ಅಂಗಳದ ದೂಳು ಕೂತು ಅದು ಕಟ್ಟಿದರೆ ಟ್ಯಾಂಕಿನ ಒಳಗೆ ಎಳೆತ ಹೆಚ್ಚಾಗಿ ಪೆಟ್ರೋಲ್ ಮೇಲೆ ಬರುವುದೇ ಇಲ್ಲ. ನಿಂತ ಮೇಲೆ ನಿಧಾನಕ್ಕೆ ಗಾಳಿ ಒಳಗೆ ಸೇರುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ. ನಿಮ್ಮ ಮಷಿನ್ನಿನ ಲಕ್ಷಣ ಹಾಗೆಯೇ ಇದೆ, ಅಲ್ವಾ?

ಪರೀಕ್ಷೆಗೆ ದುಡ್ಡು ಬೇಡ. ಮುಂದಿನ ಸಲ ನಿಂತ ತಕ್ಷಣ ಮಷಿನ್ ನೇರವಾಗಿ ನೆಲಕ್ಕಿಟ್ಟು, ಹತ್ತಿರ ಬೀಡಿ, ಬೆಂಕಿ ಏನೂ ಇಲ್ಲದ ಕಡೆ, ಮುಚ್ಚಳವನ್ನು ನಿಧಾನಕ್ಕೆ ಅರ್ಧ ಸುತ್ತು ಸಡಿಲ ಮಾಡಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ, ಮುಚ್ಚಳ ಬಿಗಿದು ಎಳೆದ ಕೂಡಲೇ ಸ್ಟಾರ್ಟ್ ಆದರೆ, ಕಳ್ಳ ಸಿಕ್ಕ ಹಾಗೆ. ವಾಲ್ವ್ ತೊಳೆದು ಊದಿ ಹಾಕಿ. ಸರಿಯಾಗದಿದ್ದರೆ ಹೊಸ ಮುಚ್ಚಳ ಹಾಕಿ, ಕಾರ್ಬೊರೇಟರಿಗಿಂತ ಎಷ್ಟೋ ಅಗ್ಗ.

ಗಾಳಿ ಎಳೆಯಲಿಲ್ಲ ಅಂದರೆ ಎರಡನೆಯದು ಟ್ಯಾಂಕಿನೊಳಗಿನ ಫಿಲ್ಟರ್. ಸಣ್ಣ ತಂತಿಯ ಕೊಕ್ಕೆ ಮಾಡಿ ಪೈಪ್ ಸಮೇತ ಹೊರಗೆಳೆಯಿರಿ. ಫಿಲ್ಟರ್ ಕಪ್ಪಗೆ, ಲೋಳೆ ಲೋಳೆ ಆಗಿದ್ದರೆ ಬದಲಿಸಿ. ಪೈಪ್ ಬಗ್ಗಿಸಿದರೆ ಬಿರುಕು ಕಾಣುತ್ತದಾ ನೋಡಿ, ಬಿರುಕಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ.

ಮೂರನೆಯದು ಕಾಯಿಲ್. ಕೆಲವು ಕಾಯಿಲ್ ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದ ಮೇಲೆ ಕಿಡಿ ಕೊಡುವುದನ್ನು ನಿಲ್ಲಿಸುತ್ತವೆ. ಇದನ್ನು ಹಿಡಿಯಬೇಕೆಂದರೆ ಮಷಿನ್ ನಿಂತ ಆ ಕ್ಷಣದಲ್ಲೇ ಕಿಡಿ ನೋಡಬೇಕು (ನೋಡುವ ಬಗೆ ಮುಂದಿನ ಉತ್ತರದಲ್ಲಿದೆ). ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ, ಅದಕ್ಕೇ ಮೆಕ್ಯಾನಿಕ್ ಕಾರ್ಬೊರೇಟರ್ ಮೇಲೆ ಅನುಮಾನ ಪಟ್ಟಿರಬಹುದು. ಈ ಮೂರೂ ಅಲ್ಲ ಅಂತಾದ ಮೇಲೆ ಕಾರ್ಬೊರೇಟರ್. ಅದಕ್ಕೂ ಹೊಸದು ಹಾಕುವ ಮೊದಲು ಡಯಾಫ್ರಂ ಕಿಟ್ ಹಾಕಿ ನೋಡಿ.

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆಗಾಲ ಪೂರ್ತಿ ಶೆಡ್‌ನಲ್ಲಿತ್ತು. ಈಗ ಎಷ್ಟು ಎಳೆದರೂ ಸ್ಟಾರ್ಟ್ ಇಲ್ಲ, ಭುಜ ನೋಯುತ್ತಿದೆ. ಪೆಟ್ರೋಲ್ ವಾಸನೆ ಮಾತ್ರ ಬರುತ್ತದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು, ಅದನ್ನೇ ಬಳಸಿದೆ. (ಮೂಡಿಗೆರೆಯ ಓದುಗರು)

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇರುವ ಹಾಗಿದೆ. ಹಗ್ಗ ಎಳೆಯುವುದನ್ನು ಇಲ್ಲಿಗೇ ನಿಲ್ಲಿಸಿ, ಆ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಾಣುತ್ತದಾ ನೋಡಿ.

ಈಗ ನಮಗೆ ಸಿಗುವ ಪೆಟ್ರೋಲ್ ಹತ್ತು ವರ್ಷದ ಹಿಂದಿನ ಪೆಟ್ರೋಲ್ ಅಲ್ಲ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, 2025ರ ಹೊತ್ತಿಗೆ ದೇಶದ ತುಂಬಾ ಬಹುಪಾಲು ಬಂಕುಗಳಿಗೆ ಬಂದಿದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮೂಡಿಗೆರೆಯ ಮಳೆಗಾಲದಲ್ಲಿ ತೇವಕ್ಕೇನು ಕೊರತೆ? ನೀರು ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲ್ ಜೊತೆಗೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಕೂತಿರುವುದು ತಳದಲ್ಲಿ. ಅಂದರೆ ಇಂಜಿನ್ ಎಳೆದುಕೊಳ್ಳುವುದು ಆಯಿಲ್ ಇಲ್ಲದ, ಸರಿಯಾಗಿ ಉರಿಯದ ಆ ಕೆಳಗಿನ ದ್ರವವನ್ನು. ಸ್ಟಾರ್ಟ್ ಆಗದಿದ್ದುದೇ ಒಳ್ಳೆಯದಾಯಿತು, ಆಗಿ ಓಡಿದ್ದರೆ ಪಿಸ್ಟನ್ ಗೀಚಿ ಹೋಗುತ್ತಿತ್ತು. ಸಣ್ಣ ಇಂಜಿನ್‌ಗಳ ಎಷ್ಟೋ ಕೈಪಿಡಿಗಳಲ್ಲಿ ಎಥನಾಲ್ ಶೇಕಡಾ 10ಕ್ಕಿಂತ ಜಾಸ್ತಿ ಬೇಡ ಅಂತ ಬರೆದಿದೆ, ನಮಗೆ ಬಂಕಿನಲ್ಲಿ ಆಯ್ಕೆ ಕಡಿಮೆ. ಹಾಗಾಗಿ ಜಾಗ್ರತೆ ನಮ್ಮ ಕಡೆಯಿಂದಲೇ ಬರಬೇಕು.

ಪೆಟ್ರೋಲಿಗೆ ನೀರು ಹಾಕಿ ಕುಲುಕಿ ಎಥನಾಲ್ ಬೇರ್ಪಡಿಸುವ ಉಪಾಯ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಎಥನಾಲ್ ಹೋದರೆ ಆಕ್ಟೇನ್ ಇಳಿಯುತ್ತದೆ, ಇಂಜಿನ್ ಬಡಿಯುತ್ತದೆ, ಮನೆಯಲ್ಲಿ ಪೆಟ್ರೋಲ್ ಕುಲುಕುವ ಅಪಾಯ ಬೇರೆ.

ಈಗ ಕೆಲಸಕ್ಕೆ ಬನ್ನಿ. ಹಳೇ ಪೆಟ್ರೋಲ್ ಪೂರ್ತಿ ತೆಗೆದು, ಟ್ಯಾಂಕನ್ನು ಸ್ವಲ್ಪ ಹೊಸ ಮಿಶ್ರಣದಿಂದ ಅಲುಬಿ ಚೆಲ್ಲದೆ ಬೇರೆ ಡಬ್ಬಿಗೆ ಹಿಡಿಯಿರಿ. ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಇಂಜಿನ್ ಒಳಗೆ ಪೆಟ್ರೋಲ್ ತುಂಬಿಕೊಂಡಿದೆ ಅಂತ ಅರ್ಥ. ನಿಮಗೆ ವಾಸನೆ ಬರುತ್ತಿರುವುದರಿಂದ ಹಾಗೇ ಇರಬಹುದು. ಚೋಕ್ ತೆರೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಹಗ್ಗವನ್ನು ಕೆಲವು ಸಲ ಎಳೆದರೆ ಒಳಗಿನದ್ದು ತೂತಿನಿಂದ ಹೊರಗೆ ಬರುತ್ತದೆ. ಮುಖ ಆ ಕಡೆ ಇಡಬೇಡಿ, ಹಾಗೇ ಒಂದು ಗಂಟೆ ಆರಲು ಬಿಡಿ.

ಆರಿ, ಚೆಲ್ಲಿದ ಪೆಟ್ರೋಲ್ ಎಲ್ಲ ಒರೆಸಿದ ಮೇಲೆಯೇ ಕಿಡಿ ನೋಡುವುದು. ಪ್ಲಗ್ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಕ್ಯಾಪಿಗೆ ಸೇರಿಸಿ ಅದರ ಲೋಹದ ಭಾಗವನ್ನು ತೂತಿನಿಂದ ದೂರ ಇಂಜಿನ್ ಮೈಗೆ ತಾಗಿಸಿ ಹಿಡಿಯಿರಿ, ಸ್ವಿಚ್ ಆನ್ ಮಾಡಿ ಎಳೆಯಿರಿ. ನೀಲಿ ಕಿಡಿ ಹಾರಬೇಕು. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ, ಅಂತರ 0.5ರಿಂದ 0.7 ಮಿಲಿಮೀಟರ್ ಒಳಗೆ ಇರಲಿ. ಆಗಲೂ ಇಲ್ಲ ಅಂದರೆ ಸ್ಟಾಪ್ ಸ್ವಿಚ್ಚಿನ ವಯರ್ ಬಿಚ್ಚಿ ನೋಡಿ. ಈ ಮಷಿನ್‌ಗಳಲ್ಲಿ ಬ್ಯಾಟರಿ ಇಲ್ಲ, ಚಕ್ರದ ಮ್ಯಾಗ್ನೆಟ್ ಕಾಯಿಲ್ ಪಕ್ಕ ಹಾದು ಹೋಗುವಾಗ ಕರೆಂಟ್ ಹುಟ್ಟುತ್ತದೆ, ಸ್ವಿಚ್ ಆ ಕರೆಂಟನ್ನು ಇಂಜಿನ್ ಮೈಗೆ ಇಳಿಸಿ ಮಷಿನ್ ನಿಲ್ಲಿಸುತ್ತದೆ. ಇಲಿ ಕಡಿದ ವಯರ್ ಮೈಗೆ ತಾಗಿದರೂ ಕಿಡಿ ಬರುವುದಿಲ್ಲ. ಶೆಡ್ಡಿನಲ್ಲಿಟ್ಟ ಮಷಿನ್‌ನಲ್ಲಿ ಇದನ್ನು ನೋಡಲೇಬೇಕು. ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಸುಮಾರು 0.3 ಮಿಲಿಮೀಟರ್ ಜಾಗ ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ದಪ್ಪ.

ಕಿಡಿ ಇದ್ದು, ಹೊಸ ಪೆಟ್ರೋಲ್ ಇದ್ದು, ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಕಾರ್ಬೊರೇಟರ್ ಒಳಗಿನ ಡಯಾಫ್ರಂ ಗಟ್ಟಿಯಾಗಿರುತ್ತದೆ. ಹೊಸದು ಬಟ್ಟೆಯ ಹಾಗೆ ಮೆತ್ತಗೆ ಇರಬೇಕು, ಬೆರಳಲ್ಲಿ ಒತ್ತಿದರೆ ಚಟ್ ಅಂತ ಶಬ್ದ ಬಂದರೆ ಅದರ ಕಾಲ ಮುಗಿದಿದೆ. ಕಿಟ್ ಹಾಕುವಾಗ ಗ್ಯಾಸ್ಕೆಟ್ ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದು ಮರೆಯದಂತೆ ಬಿಚ್ಚುವ ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ.

ಮುಂದಿನ ಮಳೆಗಾಲಕ್ಕೆ ಇಷ್ಟು ಮಾಡಿ. ಕೊನೆಯ ದಿನ ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಬೆರಳಿನಿಂದ ಒತ್ತುವ ಸಣ್ಣ ಗುಬುಟು) ಒತ್ತಿ ಉಳಿದದ್ದನ್ನೂ ಹೊರಹಾಕಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಮಿಶ್ರಣವನ್ನು ಒಂದು ತಿಂಗಳಿಗೆ ಸಾಕಾಗುವಷ್ಟೇ ಮಾಡಿ.

ಪ್ರಶ್ನೆ: ಸುಮ್ನೆ ಓಡುವಾಗ ಸರಿ ಇದೆ. ಆಕ್ಸಿಲರೇಟರ್ ಕೊಟ್ಟರೆ ಭರ್ ಅಂತ ಏರುವುದೇ ಇಲ್ಲ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಪಕ್ಕದ ಮನೆಯವರು ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಡುತ್ತೇನೆ ಅಂತಿದ್ದಾರೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಸ್ಕ್ರೂ ಮುಟ್ಟಿಸಬೇಡಿ, ಅದು ಕೊನೆಯ ಕೆಲಸ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಸ್ಪಂಜಿನದ್ದಾದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಆಮೇಲೆ ಸೈಲೆನ್ಸರ್. ಹೊಗೆ ಹೊರಬರುವ ಬಾಯಲ್ಲಿ ಕಿಡಿ ಹಾರದಂತೆ ಒಂದು ಸಣ್ಣ ಲೋಹದ ಜಾಲರಿ ಇರುತ್ತದೆ. ಅಗ್ಗದ ಆಯಿಲ್, ಜಾಸ್ತಿ ಆಯಿಲ್, ಯಾವಾಗಲೂ ನಿಧಾನಕ್ಕೆ ಓಡಿಸುವುದು, ಇವುಗಳಿಂದ ಅದರಲ್ಲಿ ಮಸಿ ಕಟ್ಟುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದು ಹೇಗೆ? ತಣ್ಣಗಾದ ಮೇಲೆ ಜಾಲರಿ ಬಿಚ್ಚಿ ತಂತಿಯ ಬ್ರಷ್‌ನಿಂದ ಉಜ್ಜಿ. ಮಸಿ ತೆಗೆದ ಮೇಲೆ ತಿರುಗಿ ಹಾಕಲೇಬೇಕು. ಒಣಗಿದ ಎಲೆಯ ರಾಶಿ ನಡುವೆ ಕೆಲಸ ಮಾಡುವ ಮಷಿನ್ ಇದು, ಜಾಲರಿ ಇಲ್ಲದೆ ಓಡಿಸಿದರೆ ಬೆಟ್ಟಕ್ಕೇ ಬೆಂಕಿ ಬೀಳಬಹುದು.

ಸ್ಕ್ರೂ ವಿಚಾರ ಯಾಕೆ ಬೇಡ ಅಂದೆ ಅಂದರೆ, ಎಚ್ ಅಂತ ಗುರುತಿರುವ ಸ್ಕ್ರೂ ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆಯಾಗುತ್ತದೆ. ಇಂಜಿನ್ ಕಿವಿಗೆ ಚುರುಕಾಗಿ ಕೇಳುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ, ಒಳಗೆ ಮಾತ್ರ ಪಿಸ್ಟನ್ ಕಾದು ಕೆಂಪಾಗುತ್ತಿರುತ್ತದೆ.

ಪ್ರಶ್ನೆ: ಬ್ಲೋವರ್ ಹಿಡಿದರೆ ಕೈ ಜೋಮು ಹಿಡಿಯುವಷ್ಟು ನಡುಕ. ಮೊದಲು ಹೀಗಿರಲಿಲ್ಲ. (ಯಲ್ಲಾಪುರದ ಓದುಗರು)

ಉತ್ತರ: ಈಗಲೇ ಓಡಿಸುವುದು ನಿಲ್ಲಿಸಿ. ಬಹುಪಾಲು ಬ್ಲೋವರ್‌ಗಳಲ್ಲಿ ಫ್ಯಾನ್ ನೇರ ಇಂಜಿನ್ ದಂಡಕ್ಕೇ ಕೂತಿರುತ್ತದೆ, ನಡುವೆ ಕ್ಲಚ್ ಇಲ್ಲ. ಕಲ್ಲು ಒಳಗೆ ಹೋಗಿ ಫ್ಯಾನಿನ ಒಂದು ಎಸಳು ಮುರಿದಿರಬಹುದು, ಅಥವಾ ಎಲೆ, ಕೆಸರು ಒಂದು ಬದಿಗೆ ಅಂಟಿರಬಹುದು. ಕವಚ ಬಿಚ್ಚಿ ನೋಡಿ. ಎಸಳು ಮುರಿದಿದ್ದರೆ ಅಂಟು ಹಾಕಬೇಡಿ, ಹೊಸ ಫ್ಯಾನ್ ಹಾಕಿ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಕೊಂಡ ಮನೆಯ ಗ್ಯಾರೇಜಿನಲ್ಲಿ ಹಳೆಯ ಮಾಲೀಕರು ಬಿಟ್ಟು ಹೋದ ಪೆಟ್ರೋಲ್ ಬ್ಲೋವರ್ ಇದೆ. ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ? ರಿಪೇರಿ ಮಾಡಿ ಬಳಸಬಹುದಾ? (ಸ್ಯಾನ್ ಹೋಸೆಯಿಂದ ಓದುಗರು)

ಉತ್ತರ: ನಿಮಗೆ ಗುರುತು ಹಿಡಿಯುವುದು ನಮಗಿಂತ ಸುಲಭ. ಅಮೆರಿಕದಲ್ಲಿ ಮಾರಿದ ಈಚಿನ ದಶಕಗಳ ಇಂಜಿನ್‌ಗಳ ಮೇಲೆ ಹೊಗೆ ನಿಯಮದ ಲೇಬಲ್ ಇರುತ್ತದೆ. ಅದರಲ್ಲಿ ಸಿಸಿ ಮತ್ತು ಇಂಜಿನ್ ಫ್ಯಾಮಿಲಿ ಅನ್ನುವ ಉದ್ದದ ಗುರುತು ಇರುತ್ತದೆ. ಆ ಗುರುತಿನ ಮೊದಲ ಅಕ್ಷರ ವರ್ಷ ಹೇಳುತ್ತದೆ: ಎ ಇದ್ದರೆ 2010, ಬಿ ಇದ್ದರೆ 2011, ಹೀಗೆ ಎಚ್ ಅಂದರೆ 2017. ಐ ಅಕ್ಷರ ಬಳಸುವುದಿಲ್ಲ, ಹಾಗಾಗಿ ಜೆ ಅಂದರೆ 2018.

ಕಾನೂನಿನ ವಿಚಾರ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಆದ ಕಾನೂನಿನ ಪ್ರಕಾರ ಬಂದ ನಿಯಮ 2024ರಿಂದ ತಯಾರಾಗುವ ಹೊಸ ಬ್ಲೋವರ್‌ಗಳು ಹೊಗೆ ಇಲ್ಲದವೇ ಆಗಿರಬೇಕು ಅನ್ನುತ್ತದೆ. ಮೊದಲೇ ಇರುವುದನ್ನು ಬಳಸಬಾರದು ಅಂತ ಆ ರಾಜ್ಯದ ನಿಯಮ ಹೇಳುವುದಿಲ್ಲ. ಆದರೆ ಅಲ್ಲಿನ ಎಷ್ಟೋ ನಗರಗಳಿಗೆ ತಮ್ಮದೇ ಬೇರೆ ನಿಷೇಧ, ಸಮಯದ ಮಿತಿ ಇವೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ 2022ರಿಂದ ಬಳಕೆಗೇ ನಿಷೇಧ. ಆದ್ದರಿಂದ ಮೊದಲು ನಿಮ್ಮ ನಗರದ ನಿಯಮ ನೋಡಿ, ಆಮೇಲೆ ಪಾರ್ಟ್‌ಗೆ ದುಡ್ಡು ಹಾಕಿ. ಬಳಸಬಹುದು ಅಂತಾದರೆ ಮೂಡಿಗೆರೆಯವರಿಗೆ ಬರೆದ ಉತ್ತರವೇ ನಿಮಗೂ. ಅಲ್ಲಿ ಎಥನಾಲ್ ಇಲ್ಲದ, ಆಯಿಲ್ ಬೆರೆಸಿಯೇ ಬರುವ ಪೆಟ್ರೋಲ್ ಡಬ್ಬಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಕ್ಕೆ ಸ್ವಲ್ಪ ಬಳಸುವವರಿಗೆ ಅದೇ ಒಳ್ಳೆಯದು.

ಪ್ರಶ್ನೆ: ಮಗ ಗೊತ್ತಿಲ್ಲದೆ ಬೈಕಿಗೆ ತಂದ ಬರೀ ಪೆಟ್ರೋಲ್ ಹಾಕಿ ಓಡಿಸಿದ. ಕಿರ್ ಅಂತ ನಿಂತಿತು. ಈಗ ಹಗ್ಗ ತುಂಬಾ ಹಗುರವಾಗಿ ಬರುತ್ತದೆ. ರಿಪೇರಿ ಆಗುತ್ತದಾ, ಹೊಸದು ತರುವುದಾ? (ಸಾಗರದ ಓದುಗರು)

ಉತ್ತರ: ಮಗನಿಗೆ ಬೈಯಬೇಡಿ, ಎರಡೂ ಕ್ಯಾನು ನೋಡಲು ಒಂದೇ ಥರ ಇದ್ದರೆ ಯಾರಿಗಾದರೂ ಆಗುವುದೇ.

ಹಗುರವಾಗಿ ಬರುತ್ತದೆ ಅಂದರೆ ಒಳಗೆ ಒತ್ತಡ ನಿಲ್ಲುತ್ತಿಲ್ಲ. ಪ್ಲಗ್ ಹಾಕಿಯೇ ಇಟ್ಟು, ಕ್ಯಾಪ್ ಮಾತ್ರ ಕಿತ್ತು, ಮಷಿನ್ನನ್ನು ಹಗ್ಗದ ಹಿಡಿಯಿಂದ ನಿಧಾನಕ್ಕೆ ನೇತಾಡಿಸಿ ನೋಡಿ. ಒಳ್ಳೇ ಇಂಜಿನ್ ಆದರೆ ಒತ್ತಡಕ್ಕೆ ತಡೆದು, ಬಿಟ್ಟು ಬಿಟ್ಟು ಇಳಿಯುತ್ತದೆ. ಸರ್ರನೆ ಇಳಿದು ಹೋದರೆ ರಿಂಗ್, ಪಿಸ್ಟನ್ ಪೆಟ್ಟಾಗಿವೆ. ಖಚಿತ ಮಾಡಿಕೊಳ್ಳಲು ಸೈಲೆನ್ಸರಿನ ಬೋಲ್ಟ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ, ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ ಮೇಲೆ ಕೆಳಗೆ ಬರುವಂತೆ ಮಾಡಿ. ಆಯಿಲ್ ಇಲ್ಲದೆ ಓಡಿದ ಪಿಸ್ಟನ್ ಮೊದಲು ಗೀಚುವುದು ಹೊಗೆ ಹೋಗುವ ಆ ಬದಿಯಲ್ಲೇ, ಅದಕ್ಕಾಗಿಯೇ ಅಲ್ಲಿಂದ ನೋಡುವುದು. ಪಿಸ್ಟನ್ ನುಣುಪಾಗಿ ಹೊಳೆಯುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ. ಮೇಲಿಂದ ಕೆಳಗೆ ಉದ್ದ ಗೆರೆಗಳಿದ್ದರೆ ಪಿಸ್ಟನ್, ರಿಂಗ್ ಹಾಕಬೇಕು. ಸಿಲಿಂಡರ್ ಗೋಡೆಯಲ್ಲೂ ಉಗುರಿಗೆ ಸಿಗುವಂಥ ಗೆರೆ ಇದ್ದರೆ ಸಿಲಿಂಡರ್ ಸಮೇತ.

ನಿಮ್ಮದು 1ಇ34ಎಫ್ ಥರದ್ದಾದರೆ ಸಿಲಿಂಡರ್ ಕಿಟ್ ಸುಲಭಕ್ಕೆ ಸಿಗುತ್ತದೆ, ಕಳೆ ಮಷಿನ್ ರಿಪೇರಿ ಮಾಡುವವರು ಯಾರಾದರೂ ಹಾಕಿಕೊಡುತ್ತಾರೆ. ದೊಡ್ಡ ಕಂಪನಿಯದ್ದಾದರೆ ಮೊದಲು ಒಟ್ಟು ಖರ್ಚು ಕೇಳಿ. ಹೊಸ ಮಷಿನ್ನಿನ ಅರ್ಧ ಬೆಲೆ ದಾಟಿದರೆ ನಾನಾದರೆ ಹೊಸದನ್ನೇ ತರುತ್ತೇನೆ. ಹಳೆಯದನ್ನು ಗುಜರಿಗೆ ಹಾಕಬೇಡಿ. ಕಾರ್ಬೊರೇಟರ್, ಕಾಯಿಲ್, ಹಗ್ಗದ ಸೆಟ್, ಫ್ಯಾನ್ ಬಿಚ್ಚಿ ಒಣ ಜಾಗದಲ್ಲಿ ಎತ್ತಿಡಿ, ಅದೇ ಮಾದರಿ ತಂದರೆ ಬೇಕಾಗುತ್ತವೆ. ಮತ್ತೆ ಇವತ್ತೇ ಬೇರೆ ಬಣ್ಣದ ಒಂದು ಕ್ಯಾನ್ ತಂದು, ಅದರ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ ಆಯಿಲ್ ಬೆರೆಸಿದ್ದು ಅಂತ ಬರೆದು, ಬೆರೆಸಿದ ತಾರೀಖನ್ನೂ ಕೆಳಗೆ ಹಾಕಿಡಿ.